ರೆಕ್ಕಿ ಬಿಚ್ಚಿ ಲಾರಿಗೆ ಹಾಕೂದು, ತಿರುಗಿ ಜೋಡಿಸೂದು: ಮುಧೋಳದ ಗೆಳೆಯರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ. ನಾವು ಮೂರು ಮಂದಿ ದೋಸ್ತರು, ಮುಧೋಳ ತಾಲೂಕಿನವರು. ಪ್ಲಾನ್ ತರಿಸ್ಕೊಂಡು ನಾಕು ವರ್ಷದಿಂದ ಹೊಲದಾಗಿನ ಶೆಡ್ಡಿನೊಳಗ ಎರಡು ಸೀಟಿನ ಸಣ್ಣ ವಿಮಾನ ಕಟ್ಟಾಕತ್ತೀವಿ. ರೆಕ್ಕಿ ತಲಿ ಮ್ಯಾಲ ಇರೂ ಮಾಡೆಲ್, ಬಾಡಿ ಸ್ಟೀಲ್ ಪೈಪಿಂದು, ರೆಕ್ಕಿಗೆ ಅಲ್ಯೂಮಿನಿಯಂ ಸ್ಪಾರ್ (ಉದ್ದನ ತೊಲಿ), ಮ್ಯಾಲ ಬಟ್ಟಿ, ಕೆಳಗ ಎರಡೆರಡು ಸ್ಟ್ರಟ್ (ಓರೆ ಆಸರಿ ಕಂಬಿ). ಒಂದು ರೆಕ್ಕಿ 4.2 ಮೀಟರ್ ಉದ್ದ, 1.2 ಮೀಟರ್ ಅಗಲ, ತೂಕ 28 ಕೆಜಿ. ಬುಡಕ್ಕ ಮುಂದೊಂದು ಹಿಂದೊಂದು ಪಿನ್, ತಗದ್ರ ರೆಕ್ಕಿ ಬಿಚ್ಚಿ ಬರ್ತೈತಿ. ಮೊದಲ ಎಲ್ಲಾ ಸಲೀಸ ಕೂಡ್ತಿತ್ತು, ಬಾಡಿಗೆ ಪೌಡರ್ ಕೋಟಿಂಗ್ ಮಾಡಿಸ್ಕೊಂಡು ಬಂದ ಮ್ಯಾಲ ಎಡಗಡೆ ಹಿಂದಿನ ಪಿನ್ ಸುತ್ತಿಗಿ ಹೊಡೀಲಾರದ ಹೋಗವಲ್ದು. ತೂತ ದೊಡ್ಡದು ಮಾಡಿ ಬೆಳಗಾವಿ ಉದ್ಯಮಬಾಗದಾಗ ದಪ್ಪ ಪಿನ್ ಮಾಡಿಸೋಣು ಅಂತ ಒಬ್ಬ ದೋಸ್ತ ಅಂತಾನ. ಸಾರಿ ಸಾರಿ ಬಿಚ್ಚಿದ್ರ ಸಡ್ಲ ಆಗ್ತೈತಿ, ಒಮ್ಮಿ ಕೂಡಿಸಿ ಖಾಯಂ ಬೋಲ್ಟ್ ಹಾಕಿಬಿಡೂಣು ಅಂತ ಇನ್ನೊಬ್ಬ. ಮುಂದ ಇದನ್ನ ಪುಣೆ ಕಡೆ ಒಂದು ಏರ್‌ಸ್ಟ್ರಿಪ್ಪಿಗೆ ಒಯ್ಯಬೇಕು, ಸುಮಾರು 350 ಕಿಮೀ. ರೆಕ್ಕಿ ಬಿಚ್ಚಿ ಬಾಡಿಗೆ ಕಟ್ಟಿ, ಅದರ ಗಾಲಿ ಮ್ಯಾಲನ ಬೊಲೆರೊ ಹಿಂದ ಎಳಕೊಂಡು ಹೋಗಬಹುದಾ? ನಮ್ಮಪ್ಪಾರು ದಿನಾ ಒಂದ ಮಾತು ಕೇಳ್ತಾರ, "ಬಿಚ್ಚೂ ರೆಕ್ಕಿ ಗಾಳ್ಯಾಗ ಬಿಚ್ಚಿದ್ರ ಏನ್ ಮಾಡ್ತಿ?" ಅವರಿಗೆ ಏನ್ ಹೇಳೂದ್ರಿ?

ಉತ್ತರ: ನಿಮ್ಮ ಅಪ್ಪಾರ ಪ್ರಶ್ನೆನ ಮೊದಲ ತಗೋತೀನಿ ತಮ್ಮಾ, ಯಾಕಂದ್ರ ನೀವು ಬರದದ್ದರೊಳಗ ಎಲ್ಲಾಕ್ಕಿಂತ ದೊಡ್ಡ ಪ್ರಶ್ನೆ ಅದ. ಅವರಿಗೆ ಹಿಂಗ ಹೇಳ್ರಿ: ಎಲ್ಲಾ ವಿಮಾನದ ರೆಕ್ಕಿನೂ ಯಾವುದೋ ಬೋಲ್ಟಿನ ಮ್ಯಾಲ, ಯಾವುದೋ ಪಿನ್ನಿನ ಮ್ಯಾಲನ ನಿಂತಿರ್ತೈತಿ, ಖಾಯಂ ರೆಕ್ಕಿ ಅಂದ್ರೂ ಅದನ್ನ ಬೋಲ್ಟ್ ಹಾಕೇ ಕೂಡಿಸಿರ್ತಾರ. ಬಿಚ್ಚೂ ರೆಕ್ಕಿ ಅಂದ್ರ ಕಚ್ಚಾ ರೆಕ್ಕಿ ಅಲ್ಲ. ಗ್ಲೈಡರ್ (ಇಂಜಿನ್ ಇಲ್ಲದ ವಿಮಾನ) ಹಾರಿಸೂ ಮಂದಿ ಮುಂಜಾನೆ ಟ್ರೇಲರ್‌ನಿಂದ ಇಳಿಸಿ ಜೋಡಸ್ತಾರ, ಸಂಜಿಗೆ ಬಿಚ್ಚಿ ಒಳಗ ಇಡ್ತಾರ, ಹಂಗ ವರ್ಷಾನುಗಟ್ಲೆ ನಡೀತೈತಿ. ಕಿಟ್‌ಫಾಕ್ಸ್ ಅನ್ನೂ ಅಮೇರಿಕಾದ ಕಿಟ್ ವಿಮಾನ 1984ರಿಂದ ರೆಕ್ಕಿ ಹಿಂದಕ್ಕ ಮಡಚಿ ಮನೀಗೆ ಒಯ್ಯೂ ಹಂಗ ಬಂದೈತಿ. ಆದ್ರ ಅಪ್ಪಾರ ಅಂಜಿಕಿಯೊಳಗ ಖರೇನೂ ಐತಿ. ಜೋಡಿಸಿದವರು ಪಿನ್ ಹಾಕೂದು ಮರತಿದ್ರ, ಅರ್ಧಾ ಹಾಕಿದ್ರ, ಲಾಕ್ ಮಾಡೂದು ಬಿಟ್ಟಿದ್ರ ರೆಕ್ಕಿ ಬಿಚ್ಚತೈತಿ. ಅಂದ್ರ ಅಂಜಬೇಕಾದ್ದು ಪಿನ್ನಿಗಲ್ಲ, ಜೋಡಸೂ ಹೊತ್ತಿನ ಗಡಿಬಿಡಿಗೆ. ನಾನು ಬೆಳಗಾವಿ ಹತ್ರ ಸಾಂಬ್ರಾದಾಗ ಟ್ರೇನಿಂಗ್ ಮಾಡಿ ಏರ್‌ಫೋರ್ಸಿನಾಗ ಏರ್‌ಫ್ರೇಮ್ (ವಿಮಾನದ ಮೈಕಟ್ಟಿನ) ಕೆಲಸ ಮಾಡಿದಾವ, ಆಮ್ಯಾಲ ಗ್ಲೈಡರ್ ಜೋಡಿಸೂದು ಬಿಚ್ಚೂದು ಭಾಳ ಮಾಡೇನಿ, ಈ ಮಾತು ಅನುಭವದಿಂದ ಹೇಳಾಕತ್ತೀನಿ.

ಈಗ ಆ ಪಿನ್ನಿನ ವಿಷಯ. ನಿಮ್ಮ ಪತ್ರದಾಗ ಉತ್ತರ ನೀವ ಬರದೀರಿ, ನೋಡ್ಕೊಂಡಿಲ್ಲ ಅಷ್ಟ. "ಮೊದಲ ಸಲೀಸ ಕೂಡ್ತಿತ್ತು, ಪೌಡರ್ ಕೋಟಿಂಗ್ ಆದ ಮ್ಯಾಲ ಹೋಗವಲ್ದು." ಪೌಡರ್ ಕೋಟಿಂಗ್ ಸುಮಾರು 60ರಿಂದ 100 ಮೈಕ್ರಾನ್ ದಪ್ಪ ಕೂಡ್ತೈತಿ, ತೂತಿನ ಸುತ್ತ ಎರಡೂ ಕಡೆ ಲೆಕ್ಕ ಹಾಕಿದ್ರ 0.15 ಮಿಮೀ ಹತ್ರ ತೂತ ಸಣ್ಣದಾತು, ಜೊತೀಗೆ ಲಗ್ಗಿನ (ಪಿನ್ ಹಿಡಿಯೂ ಕೊಂಡಿಯ) ಎರಡು ಕಿವಿ ನಡುವಿನ ಸಂದೂ ಸಣ್ಣದಾತು. ಪಿನ್ನಿಗೂ ತೂತಿಗೂ ಅಂತರ ಇರೂದ ಕೂದಲೆಳಿ ಅಷ್ಟು. ಹಂಗಾಗಿ ತೂತು ದೊಡ್ಡದು ಮಾಡೂ ಮಾತು ಈಗ ಬ್ಯಾಡ. ಮೊದಲ ತೂತಿನೊಳಗ ಕೋಟಿಂಗ್ ಐತೋ ಇಲ್ಲೋ ಟಾರ್ಚ್ ಹಿಡದು ನೋಡ್ರಿ. ಇದ್ರ ಪೇಂಟ್ ರಿಮೂವರ್ ಹಚ್ಚಿ, ಕಟಗಿ ಕಡ್ಡಿಗೆ ಬಟ್ಟಿ ಸುತ್ತಿ ತಗೀರಿ. ಅಷ್ಟಕ್ಕೂ ಬರಲಿಲ್ಲಂದ್ರ ತೂತಿನ ಅಸಲ ಸೈಜಿನ ಹ್ಯಾಂಡ್ ರೀಮರ್ (ತೂತು ಕೆರಿಯೂ ಹತಾರ) ಕೈಯಾಗ ಹಿಡದು ನಿಧಾನಕ ತಿರುವ್ರಿ. ಅದು ಬಣ್ಣ ಕೆರೀಬೇಕು, ಬೆಳ್ಳಗ ಹೊಳಿಯೂ ಸ್ಟೀಲ್ ಪುಡಿ ಬಂತಂದ್ರ ಅಲ್ಲೇ ನಿಲ್ಲಸ್ರಿ. ಡ್ರಿಲ್ ಮಶೀನ್ ಮಾತ್ರ ಹತ್ರ ತರಬ್ಯಾಡ್ರಿ, ಡ್ರಿಲ್ ಬಿಟ್ಟು ಗುಂಡಗಿನ ತೂತು ಮಾಡೂದಿಲ್ಲ, ಮೂರು ಮೂಲಿ ತೂತು ಮಾಡ್ತೈತಿ. ಲಗ್ಗಿನ ಮುಖದ ಮ್ಯಾಲ, ಬೋಲ್ಟಿನ ವಾಶರ್ ಕೂಡೂ ಜಾಗಾದಾಗ ಕೋಟಿಂಗ್ ಇದ್ರ ಅದನ್ನೂ ತಗೀರಿ. ಬಿಗಿ ಮಾಡಿದ ಮ್ಯಾಲ ಕೋಟಿಂಗ್ ಕುಗ್ಗತೈತಿ, ಬೋಲ್ಟ್ ತಾನ ಸಡ್ಲ ಆಗ್ತೈತಿ, ನೀವು ಮಾತ್ರ ಟಾರ್ಕ್ ಹಾಕೇವಿ ಅಂದ್ಕೊಂಡು ಕುಂತಿರ್ತೀರಿ. ತಗದ ಜಾಗಾಕ್ಕ ಪ್ರೈಮರ್ ತೆಳ್ಳಗ ಹಚ್ಚಿ ತುಕ್ಕು ತಡೀರಿ.

ಕೋಟಿಂಗ್ ತಗದ ಮ್ಯಾಲೂ ಹೋಗಲಿಲ್ಲ ಅಂದ್ರ? ಆವಾಗ ಪಿನ್ ನಿಮ್ಮ ಕೂಡ ಮಾತಾಡಾಕತ್ತೈತಿ, ಕೇಳ್ರಿ. ಪಿನ್ನಿಗೆ ಮಾರ್ಕಿಂಗ್ ಬ್ಲೂ (ಗುರುತಿನ ನೀಲಿ ಬಣ್ಣ) ತೆಳ್ಳಗ ಹಚ್ಚಿ, ಹೋಗೂವಷ್ಟು ಒಳಗ ಹಾಕಿ ತಿರುಗಿ ತಗೀರಿ, ಟ್ಯೂಬ್‌ಲೈಟ್ ಕೆಳಗ ಹಿಡದು ನಿಧಾನಕ ತಿರುವಿ ನೋಡ್ರಿ. ಬಣ್ಣ ಸುತ್ತಾಕಡೆ ಸಮ ಅಳಿಸಿದ್ರ ತೂತ ಬಿಗಿ ಐತಿ ಅಂತ. ಒಂದ ಕಡೆ ಅರ್ಧಚಂದ್ರನ ಹಂಗ ಹೊಳಪು ಬಂದು, ಇನ್ನೊಂದು ತುದ್ಯಾಗ ಅದರ ಎದುರು ಕಡೆ ಹೊಳಪು ಬಂದಿದ್ರ ತೂತುಗಳು ಒಂದ ಗೆರಿಯೊಳಗ ಇಲ್ಲ, ಪಿನ್ ಓರೆ ಹೊಂಟೈತಿ ಅಂತ. ಉಗುರಿನಿಂದ ಪಿನ್ನಿನ ಉದ್ದಕ್ಕ ಗೀರಿ ನೋಡ್ರಿ, ಗೆರಿ ಸಿಕ್ಕಿದ್ರ ತೂತಿನ ಅಂಚಿನಾಗ ಮುಳ್ಳು ಐತಿ. ಹತ್ತಿ ಉಂಡಿ ಮಾಡಿ ತೂತಿನೊಳಗ ಹಾಯಿಸಿದ್ರ ಆ ಮುಳ್ಳಿಗೆ ಎಳಿ ಸಿಗ್ತೈತಿ, ಕಣ್ಣಿಗೆ ಕಾಣದ್ದು ಹತ್ತಿಗೆ ಸಿಗ್ತೈತಿ.

ಓರೆ ಆಗಾಕ ಭಾಳ ಸಲ ಕಾರಣ ಇಷ್ಟ, ರೆಕ್ಕಿ ತುದಿ ಹಿಡದಾವ ಸರಿಯಾದ ಎತ್ತರಕ್ಕ, ಸರಿಯಾದ ಜಾಗಾಕ್ಕ ಹಿಡದಿರೂದಿಲ್ಲ. ನಿಮ್ಮ ಮುಂದಿನ ಮತ್ತು ಹಿಂದಿನ ಸ್ಪಾರ್ ನಡುವ 70 ಸೆಂಮೀ ಇದ್ರ (ಈ ಅಗಲದ ರೆಕ್ಕಿಗೆ ಅಷ್ಟ ಇರ್ತೈತಿ), ಬುಡದಾಗಿನ 1 ಮಿಮೀ ತುದಿಗೆ 6 ಮಿಮೀ ಆಗ್ತೈತಿ, ಮುಂದ ಹಿಂದ ಅಲುಗಾಡಸೂ ಲೆಕ್ಕದಾಗ. ತುದ್ಯಾಗ ನಿಂತಾವ ಒಂದು ಬೆರಳು ಮುಂದ ಹಿಂದ ಆದ್ರ ಬುಡದಾಗ ಪಿನ್ ಹೋಗೂದಿಲ್ಲ. ಅದಕ್ಕ ಹೆಗಲ ಮ್ಯಾಲ ಹೊತ್ತು ನಿಲ್ಲೂದು ಬಿಟ್ಟು ತುದಿಗೆ ಒಂದು ಎತ್ತರ ಬದಲ ಮಾಡಬಹುದಾದ ಸ್ಟ್ಯಾಂಡ್ ಮಾಡ್ರಿ, ಸ್ಕ್ರೂ ಜ್ಯಾಕ್ ಮ್ಯಾಲ ಗಾದಿ ಕಟ್ಟಿದ್ರೂ ನಡೀತೈತಿ. ಮೂತಿ ಚೂಪ ಇರೂ ಡಮ್ಮಿ ಪಿನ್ ಒಂದು ಮಾಡಿಸಿ ಇಟ್ಕೊಳ್ರಿ, ಅದನ್ನ ಮೊದಲ ಹಾಕಿ ತೂತು ಹೊಂದಿಸ್ರಿ, ಆಮ್ಯಾಲ ಅಸಲ ಪಿನ್. ಅಸಲ ಪಿನ್ ತೆಳ್ಳಗ ಗ್ರೀಸ್ ಸವರಿ ಹೆಬ್ಬೆಟ್ಟಿನಿಂದ ಒತ್ತಿದ್ರ ಹೋಗಬೇಕು. ಸುತ್ತಿಗಿ ಹೊಡದು ಹಾಕಿದ ಪಿನ್ ಅಲ್ಲಿ ಕೂತಾಗಿಂದನ ಒತ್ತಡದಾಗ ಇರ್ತೈತಿ, ಹಾರೂ ಭಾರ ಅದರ ಮ್ಯಾಲ ಇನ್ನಷ್ಟು.

ತೂತು ರೀಮ್ ಮಾಡಿ ದಪ್ಪ ಪಿನ್ ಹಾಕೂ ಉಪಾಯ ಯಾವಾಗೂ ಮಾಡಬಾರದಂತ ನಾನು ಹೇಳೂದಿಲ್ಲ, ತೂತು ಖರೇನ ಸವದು ಮೊಟ್ಟಿ ಆಕಾರ ಆಗಿದ್ರ ಅದೂ ಒಂದು ರಿಪೇರಿ. ಆದ್ರ ಅದಕ್ಕ ಲೆಕ್ಕ ಐತಿ. ತೂತಿನ ನಡುವಿನಿಂದ ಲೋಹದ ಅಂಚಿಗೆ ಅಂತರ ಅಲ್ಯೂಮಿನಿಯಂ ಒಳಗ ಪಿನ್ನಿನ ದಪ್ಪದ ಎರಡರಷ್ಟು ಇರಬೇಕಂತ ರೂಢಿ. 8 ಮಿಮೀ ಪಿನ್ನಿಗೆ 16 ಮಿಮೀ ಬೇಕು. ನೀವು ತೂತ 9.5 ಮಿಮೀ ಮಾಡಿದ್ರ 19 ಮಿಮೀ ಬೇಕಾತು, ಆದ್ರ ಲಗ್ಗು ಇರೂದು ಮೊದಲಿನಷ್ಟ. ದಪ್ಪ ಪಿನ್ ಹಾಕಿ ಗಟ್ಟಿ ಮಾಡೇವಿ ಅಂದ್ಕೊಳ್ತೀರಿ, ಲಗ್ಗಿನ ಕಿವಿ ಹರಿಯಾಕ ದಾರಿ ಮಾಡಿರ್ತೀರಿ. ಪ್ಲಾನ್ ಕೊಟ್ಟ ಡಿಸೈನರ್ ಬರದು ಒಪ್ಪಿದ್ರ ಮಾತ್ರ ಆ ಕೆಲಸ.

ಉದ್ಯಮಬಾಗದ ಬಗ್ಗೆ ಒಂದು ಮಾತು. ಅಲ್ಲಿ ಲೇತ್ ಮ್ಯಾಲ ಕೂಡೂ ಹುಡುಗರ ಕೈ ಭಾಳ ಚಲೋ ಐತಿ, ಮೈಕ್ರಾನ್ ಲೆಕ್ಕದಾಗ ಗ್ರೈಂಡಿಂಗ್ ಮಾಡಿ ಕೊಡ್ತಾರ, ಬೆಳಗಾವಿ ಹೆಸರು ಬಂದದ್ದ ಫೌಂಡ್ರಿ ಮತ್ತು ಮಶೀನಿಂಗ್ ಕೆಲಸದಿಂದ. ಕುಶಲತೆ ಬಗ್ಗೆ ನನಗ ಸಂಶಯ ಇಲ್ಲ. ಪ್ರಶ್ನೆ ಇರೂದು ಸ್ಟೀಲಿಂದು. "ಇಎನ್24 ಐತ್ರಿ" ಅಂತ ಒಂದು ಗಟ್ಟಿ ಸ್ಟೀಲಿನ ರಾಡ್ ತಂದ್ರ, ಅದು ಯಾವ ಹೀಟ್ ಟ್ರೀಟ್‌ಮೆಂಟ್ ಕಂಡೀಷನ್‌ದಾಗ ಐತಿ, ಟೆಸ್ಟ್ ಸರ್ಟಿಫಿಕೇಟ್ ಯಾವ ಹೀಟ್ ನಂಬರಿಂದು (ಯಾವ ಎರಕದ್ದು), ಅದು ಗೊತ್ತಾಗಬೇಕು. ಮತ್ತ ಗಟ್ಟಿ ಮಾಡಿದ ಪಿನ್ನಿಗೆ ಹೊಳಪಿಗಂತ ಝಿಂಕ್ ಪ್ಲೇಟಿಂಗ್ ಮಾಡಿಸಿದ್ರ ಆ ಪ್ಲೇಟಿಂಗ್ ತೊಟ್ಟ್ಯಾಗ ಹೈಡ್ರೋಜನ್ ಸ್ಟೀಲಿನೊಳಗ ಹೋಗ್ತೈತಿ. ಕೆಲವು ತಾಸಿನೊಳಗ ಸುಮಾರು 190 ಡಿಗ್ರಿ ಓವನ್‌ನಾಗ ಇಟ್ಟು ಅದನ್ನ ಹೊರಗ ಹಾಕಲಿಲ್ಲಂದ್ರ ಪಿನ್ ಗಾಜಿನ ಹಂಗ ಆಗ್ತೈತಿ, ಮ್ಯಾಲಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ, ಒಂದಿನ ಭಾರದಾಗ ಇದ್ದಾಗ ಪಟ್ಟಂತ ಮುರೀತೈತಿ.

ಬಜಾರದ 8.8 (ತಾಕತ್ತಿನ ದರ್ಜಿ) ಬೋಲ್ಟ್ ಬಗ್ಗೆ ನೀವು ಕೇಳಿಲ್ಲ, ಆದ್ರ ಬಾಕಿ ಮಂದಿ ಕೇಳ್ತಾರ ಅದಕ್ಕ ಹೇಳಿಬಿಡ್ತೀನಿ. ತಾಕತ್ತಿನ ಲೆಕ್ಕದಾಗ ವಿಮಾನದ ಎಎನ್ ಬೋಲ್ಟಿಗೂ 8.8ಕ್ಕೂ ಅಂತರ ಭಾಳ ಇಲ್ಲ, ಎಎನ್ ಸುಮಾರು 860 ಮೆಗಾಪಾಸ್ಕಲ್, 8.8 ಅಂದ್ರ 800. ಅಂತರ ಇರೂದು ಬ್ಯಾರೆ ಕಡೆ. ಎಎನ್ ಬೋಲ್ಟಿನ ನುಣುಪು ಭಾಗದ ಅಳತಿ ನಿಕ್ಕಿ ಇರ್ತೈತಿ, ಉದ್ದ ಹಂತ ಹಂತಕ್ಕ ಸಿಗ್ತೈತಿ, ಹಂಗಾಗಿ ಮರಿ (ತಿರುಪಿನ ಗೆರಿ) ಇರೂ ಭಾಗ ತೂತಿನೊಳಗ ಬರೂದಿಲ್ಲ. ಬಜಾರದ ಬೋಲ್ಟಿನ ಮರಿ ಲಗ್ಗಿನೊಳಗ ಕೂತ್ರ ಅದು ಕಾನಸಿನ ಹಂಗ ತೂತು ತಿಂತೈತಿ. 12.9 ಹಾಕಿದ್ರ ಇನ್ನೂ ಚಲೋ ಅಲ್ಲೇನ್ರಿ ಅಂತಾರ, ಅದು ಗಟ್ಟಿ ಖರೆ, ಆದ್ರ ಬಾಗೂ ಗುಣ ಕಡಿಮಿ, ಮ್ಯಾಲ ಹೇಳಿದ ಹೈಡ್ರೋಜನ್ ಕಾಟಾನೂ ಅದಕ್ಕ ಜಾಸ್ತಿ.

ಇನ್ನು ಖಾಯಂ ಬೋಲ್ಟ್ ಹಾಕೋಣು ಅನ್ನೂ ದೋಸ್ತಗ. ಬಿಚ್ಚಿದ್ದಕ್ಕ ಪಿನ್ ದುರ್ಬಲ ಆಗೂದಿಲ್ಲ, ಎಳದಾಡಿ ಬಿಚ್ಚಿದ್ದಕ್ಕ ತೂತು ಸವೀತೈತಿ, ಇಷ್ಟ ಅಂತರ. ಸವದದ್ದನ್ನ ಹೆಂಗ ನೋಡೂದು? ಜೋಡಿಸಿದ ರೆಕ್ಕಿ ತುದಿ ಹಿಡದು ಮುಂದ ಹಿಂದ ಮೆಲ್ಲಕ ಅಲುಗಾಡಸ್ರಿ, ಇನ್ನೊಬ್ಬಾವ ಬುಡದಾಗ ಲಗ್ಗಿನ ಮ್ಯಾಲ ಬೆರಳಿಟ್ಟು ಕೂಡಬೇಕು. ಟಕ್ ಅಂತ ಬೆರಳಿಗೆ ತಾಗಿದ್ರ ಸಡ್ಲ ಐತಿ. ಬಿಚ್ಚಿದಾಗ ಅಲ್ಯೂಮಿನಿಯಂ ಜಾಯಿಂಟಿನ ಸುತ್ತ ಕರೀ ಪುಡಿ, ಸ್ಟೀಲಿನ ಸುತ್ತ ಕಂದು ಪುಡಿ ಕಂಡ್ರ ಎರಡು ಲೋಹ ಒಂದಕ್ಕೊಂದು ತಿಕ್ಕಾಡಾಕತ್ತಾವ. ಖಾಯಂ ಬೋಲ್ಟ್ ಹಾಕಿದ್ರ ಈ ಪುಡಿ ನಿಮಗ ಕಾಣೂದ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರ ಬಿಚ್ಚೂ ರೆಕ್ಕಿಯ ದೊಡ್ಡ ಲಾಭ ಇದ, ವಿಮಾನದ ಜೀವ ಇರೂ ಜಾಗಾ ಪ್ರತಿ ಸಲ ಕಣ್ಣಿಂದ ನೋಡಾಕ ಸಿಗ್ತೈತಿ. ಹಂಗಂತ ಚಟಕ್ಕ ದಿನಾ ಬಿಚ್ಚೂದೂ ಬ್ಯಾಡ, ಹ್ಯಾಂಗರ್ ಸಿಕ್ಕಿದ್ರ ಜೋಡಿಸಿನ ಇಡ್ರಿ.

ಮತ್ತ ನೀವು ಮೂವರೂ ಬುಡದ ಪಿನ್ನಿನ ಮ್ಯಾಲ ಅಷ್ಟು ಮಾತಾಡೀರಿ, ಸ್ಟ್ರಟ್ಟಿನ ಪಿನ್ ಬಗ್ಗೆ ಒಂದು ಮಾತು ಇಲ್ಲ. ನಿಮ್ಮ ನಮೂನಿ ವಿಮಾನದಾಗ ಹಾರೂ ಭಾರ ಹೊರೂದು ಸ್ಟ್ರಟ್. ಒಟ್ಟು ತೂಕ 450 ಕೆಜಿ ಹಿಡೀರಿ, ಒಂದೊಂದು ರೆಕ್ಕಿ ಹತ್ರ ಹತ್ರ 225 ಕೆಜಿ ಎತ್ತತೈತಿ, ಸ್ಟ್ರಟ್ ಓರೆ ಇರೂದರಿಂದ, 30 ಡಿಗ್ರಿ ಹಿಡದ್ರ, ಅದರ ಮ್ಯಾಲ ಎಳತ ಸುಮಾರು ದುಪ್ಪಟ್ಟು, 400 ಕೆಜಿ. ಇದು ಸುಮ್ಮನ ನೆಟ್ಟಗ ಹಾರೂವಾಗ. ಬಿಸಲ ಹೊತ್ತಿನ ಗಾಳಿ ಹೊಡತಕ್ಕ, ತಿರುವಿನಾಗ, ನಾಕು ಪಟ್ಟು ಆದ್ರ 1600 ಕೆಜಿ. ನೆಲದ ಮ್ಯಾಲ ನಿಂತಾಗ ಅದ ಸ್ಟ್ರಟ್ ರೆಕ್ಕಿಯ 28 ಕೆಜಿ ಮಾತ್ರ ಹೊತ್ಕೊಂಡಿರ್ತೈತಿ, ಅದೂ ಎಳತ ಅಲ್ಲ, ಒತ್ತು. ಹಂಗಾಗಿ ಸ್ಟ್ರಟ್ಟಿನ ಕೆಳಗಿನ ಪಿನ್ ಅರ್ಧಾ ಕೂತಿದ್ರೂ ನೆಲದ ಮ್ಯಾಲ ಏನೂ ಅನಸೂದಿಲ್ಲ. ಅಪ್ಪಾರ ಪ್ರಶ್ನೆಗೆ ಖರೇ ಉತ್ತರ ಈ ಕೆಳಗಿನ ಪಿನ್ನಿನಾಗ ಐತಿ. ಅದನ್ನ ಹಾಕಿದಾವ ಒಬ್ಬ, ನೋಡೂದು ಇನ್ನೊಬ್ಬ. ಸ್ಟ್ರಟ್ಟಿನ ನಡುವ ಸಣ್ಣ ಜ್ಯೂರಿ ಸ್ಟ್ರಟ್ ಇರ್ತಾವಲ್ಲ, ಅವು ಶೋಕಿಗೆ ಇಟ್ಟದ್ದಲ್ಲ, ರೆಕ್ಕಿ ಕೆಳಮುಖ ಒತ್ತಿದಾಗ ಸ್ಟ್ರಟ್ ಬಿಲ್ಲಿನ ಹಂಗ ಬಾಗಲಾರದಂಗ ಹಿಡೀತಾವ, ಗಡಿಬಿಡ್ಯಾಗ ಮರಿಯೂದು ಅವನ್ನ.

ಇನ್ನು ಸಾಗಾಟ. ಅದರ ಗಾಲಿ ಮ್ಯಾಲ ಎಳಕೊಂಡು ಹೋಗೂದು ಬ್ಯಾಡ್ರಿ, ಖಂಡಿತ ಬ್ಯಾಡ. ಆ ಗಾಲಿ, ಆ ಬೇರಿಂಗ್ ರನ್‌ವೇ ಮ್ಯಾಲ ಒಂದೆರಡು ನಿಮಿಷ ಓಡಾಕ ಮಾಡಿದ್ದು, ಏಳು ಎಂಟು ತಾಸು ಡಾಂಬರ ಮ್ಯಾಲ ಓಡಾಕ ಅಲ್ಲ. ಹಂಪ್ ಬಂದಲ್ಲೆಲ್ಲಾ ಪೆಟ್ಟು ಲ್ಯಾಂಡಿಂಗ್ ಗೇರಿನ ವೆಲ್ಡಿಂಗಿಗೆ. ರಿಜಿಸ್ಟರ್ ಇಲ್ಲದ ಗಾಡಿ ಹೈವೇ ಮ್ಯಾಲ ಎಳದಂಗೂ ಆಗ್ತೈತಿ. ಹೊಲದಿಂದ ರೋಡಿನ ತನಕ ಕೈಲೆ ನೂಕ್ರಿ, ಸಾಕು. ಊರಾಗ ಸಲೀಸ ಸಿಗ್ತೈತಿ ಅಂತ ಕಬ್ಬಿನ ಟ್ರ್ಯಾಕ್ಟರ್ ಟ್ರಾಲಿನೂ ತರಬ್ಯಾಡ್ರಿ, ಅದರೊಳಗ ಸ್ಪ್ರಿಂಗ್ ಇಲ್ಲ, ಕಬ್ಬಿಗೆ ನಡೀತೈತಿ, ನಾಕು ವರ್ಷ ಕಟ್ಟಿದ ರೆಕ್ಕಿಗೆ ನಡಿಯೂದಿಲ್ಲ.

17 ಫೂಟಿನ ಐಷರ್ ಲಾರಿ ಮಾಡ್ರಿ, ಇಲ್ಲಾ 19 ಫೂಟಿಂದು. 4.2 ಮೀಟರ್ ಅಂದ್ರ 14 ಫೂಟ್ ಹತ್ರ, 14 ಫೂಟಿನ ಗಾಡ್ಯಾಗ ಎರಡೂವರಿ ಇಂಚಿನಷ್ಟ ಉಳೀತೈತಿ. ಬಾಡಿ ಉದ್ದ ಮೊದಲ ಅಳೀರಿ, ರಡ್ಡರ್ (ಬಾಲದ ನಿಂತ ಚುಕ್ಕಾಣಿ) ಬಿಚ್ಚಿ ಅಳೀರಿ, ಹೊರಗ ಚಾಚೂ ಹಂಗಿದ್ರ ದೊಡ್ಡ ಗಾಡಿನ ಹೇಳ್ರಿ. ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನ ಪ್ರಕಾರ ಲೋಡು ಗಾಡಿ ಬಾಡಿ ಬಿಟ್ಟು ಮುಂದ, ಹಿಂದ, ಮಗ್ಗಲಿಗೆ ಚಾಚಿದ್ರ 20,000 ರೂಪಾಯಿ ದಂಡ ಐತಿ, ಮ್ಯಾಲ ಇಳಸೂ ಖರ್ಚೂ ನಿಮ್ಮದ. ದಂಡ ಒಂದ ಕಡೆ ಇರಲಿ, ಕತ್ತಲಾಗ ಹಿಂದಿನಿಂದ ಬರೂ ಬೈಕಿನಾವಗ ಚಾಚಿದ ಸ್ಪಾರ್ ಕಾಣೂದಿಲ್ಲ. ಹಿಂದಿನ ಅಡ್ಡ ಬಾಲ ಬಿಚ್ಚಿ ಹಾಕ್ರಿ. ಲಾರಿಯವರ ಬಿಲ್ಟಿ, ಸಾಮಾನಿನ ಬಿಲ್ಲು, ಕಟ್ಟೂವಾಗಿನ ಫೋಟೋ, ಡಿಜಿಸಿಎ (ವಿಮಾನಯಾನ ಇಲಾಖೆ) ಕೂಡ ಮಾಡಿದ ಪತ್ರವ್ಯವಹಾರ ಒಂದು ಫೈಲಿನಾಗ ಇಟ್ಟು ಡ್ರೈವರ್ ಬಾಜೂಕ ನಿಮ್ಮಾವ ಒಬ್ಬ ಕೂಡ್ರಿ, ನಾಕಾದಾಗ ನಿಲ್ಲಿಸಿ ಕೇಳೇ ಕೇಳ್ತಾರ.

ಅನುಭವ ಇಲ್ಲದವರಿಗೆ ಗೊತ್ತಾಗಲಾರದ್ದು ಒಂದೈತಿ. ರೆಕ್ಕಿ ಲಾರ್‍ಯಾಗನೂ ರೆಕ್ಕಿನ. ಬಾಕಿ ಸಾಮಾನು ಕೆಳಗ ಒತ್ತಿ ಕೂಡ್ತೈತಿ, ಇದು ಮ್ಯಾಲ ಏಳಾಕ ನೋಡ್ತೈತಿ. ನಿಮ್ಮ ಒಂದು ರೆಕ್ಕಿ 5 ಚದರ ಮೀಟರ್. ತೆರದ ಗಾಡ್ಯಾಗ ಅದನ್ನ ಅಡ್ಡ ಮಲಗಿಸಿ ಕಟ್ಟಿ ಗಂಟೆಗೆ 80 ಕಿಮೀ ಹೋದ್ರ, ಗಾಳಿ ಸ್ವಲ್ಪ ಕೆಳಗ ಸಿಕ್ಕರೂ ಸುಮಾರು 70 ಕೆಜಿ ಎತ್ತತೈತಿ, ರೆಕ್ಕಿ ತೂಕ 28. ಎದುರಿಗೆ ವೋಲ್ವೋ ಬಂದ ಹೊಡತ ಇದರಾಗ ಸೇರಿಲ್ಲ. ತವಂದಿ ಘಾಟಿನಾಗ, ನಿಪ್ಪಾಣಿ ಆಚೆ ಬಯಲಿನಾಗ ಅಡ್ಡಗಾಳಿ ಹೆಂಗಿರ್ತೈತಿ ಅಂತ ನಮ್ಮ ಕೊಲ್ಹಾರದ ಸೇತುವೆ ಮ್ಯಾಲ ಬೈಕ್ ಹೊಡದವರಿಗೆ ಹೇಳೂದು ಬ್ಯಾಡ. ಅದಕ್ಕ ಮುಚ್ಚಿದ ಕಂಟೇನರ್ ಬಾಡಿ ಗಾಡಿ ಸಿಕ್ಕರ ಎರಡು ಸಾವಿರ ಜಾಸ್ತಿ ಆದ್ರೂ ಅದನ್ನ ತಗೋರಿ. ಸಿಗಲಿಲ್ಲಂದ್ರ ಎತ್ತರ ಹಲಗಿ ಇರೂ ಗಾಡಿ, ರೆಕ್ಕಿ ನಿಲ್ಲಿಸಿ, ಮುಂದಿನ ದುಂಡು ಅಂಚು ಕೆಳಗ ಮಾಡಿ.

ನಿಲ್ಲಸೂದು ಹೆಂಗ ಅಂದ್ರ, ಕಟಗಿ ಚೌಕಟ್ಟು ಮಾಡ್ರಿ, ಅದಕ್ಕ ಹಳೇ ಮಂಚದ ನವಾರ ಪಟ್ಟಿ ಜೋಲಿ ಹಂಗ ಕಟ್ರಿ, ರೆಕ್ಕಿಯ ಮೂತಿ ಆ ಜೋಲ್ಯಾಗ ಕೂಡ್ಲಿ. ಎರಡು ಕಡೆ ಆಧಾರ ಸಾಕು, ಒಂದು ಬುಡದ ಹತ್ರ, ಇನ್ನೊಂದು ಸ್ಟ್ರಟ್ ಕೂಡೂ ಜಾಗಾದ ಆಚೆ, ಎರಡೂ ರಿಬ್ಬಿನ (ರೆಕ್ಕಿಯ ಅಡ್ಡ ಪಕ್ಕೆಲುಬು) ಕೆಳಗನ ಬರಬೇಕು, ರಿಬ್ಬು ರಿಬ್ಬಿನ ನಡುವಿನ ಬಟ್ಟಿ ಮ್ಯಾಲ ಅಲ್ಲ. ಬುಡದ ಲಗ್ಗಿಗೆ ಹಗ್ಗ ಕಟ್ಟಿ ಬಿಗಿಬ್ಯಾಡ್ರಿ, ಮಗ್ಗಲಿಗೆ ಎಳದ್ರ ಕಿವಿ ಬಾಗ್ತಾವ, ಸ್ಟ್ರಿಪ್ಪಿಗೆ ಹೋಗಿ ಮತ್ತ ಪಿನ್ ಹೋಗವಲ್ದು ಅಂತೀರಿ. ಗೋಣಿಚೀಲ ಒರಟ, ಬಣ್ಣ ಕೆರೀತೈತಿ. ಮನ್ಯಾಗ ಹಳೇ ಕೌದಿ ಇರ್ತಾವಲ್ಲ, ತೊಳದು ಒಣಗಿಸಿ ಅವನ್ನ ಹಾಕ್ರಿ, ಅದಕ್ಕಿಂತ ಮೆತ್ತಗಿಂದು ರೊಕ್ಕ ಕೊಟ್ರೂ ಸಿಗೂದಿಲ್ಲ. ಮಳಿ ಬಂದು ಕೌದಿ ತೊಯ್ದ್ರ ಮಾತ್ರ ತಗದು ಬಿಡ್ರಿ, ಹಸಿ ಅರಬಿ ಅಲ್ಯೂಮಿನಿಯಂಗೆ ಹತ್ತಿ ಕೂಡಬಾರದು. ತಾಡಪತ್ರಿ ರೆಕ್ಕಿಗೆ ಹಚ್ಚಿ ಹೊದಿಸಬ್ಯಾಡ್ರಿ, 350 ಕಿಮೀ ಅದು ಪಟಪಟ ಬಡೀತೈತಿ, ನಡುವ ಧೂಳು ಸಿಕ್ಕು ಪಾಲಿಶ್ ಕಾಗದದಂಗ ಬಟ್ಟಿ ತಿಕ್ಕತೈತಿ. ಗಾಡಿಯ ಹಲಗಿ ಮ್ಯಾಲಿಂದ ಚಪ್ಪರದಂಗ ಬಿಗಿದು ಕಟ್ರಿ, ರೆಕ್ಕಿಗೆ ತಾಗಲಾರದಂಗ. ಏಲರಾನ್ (ರೆಕ್ಕಿ ತುದಿಯ ಹಿಂದಿನ ಅಲುಗಾಡೂ ಭಾಗ) ಎರಡು ಪಟ್ಟಿ ನಡುವ ಹಿಡಿಸಿ ಲಾಕ್ ಮಾಡ್ರಿ, ಇಲ್ಲಂದ್ರ ಮಿಜಾಗರಿ ಸವೀತಾವ.

ಬಾಡಿ ಇಂಜಿನ್ ಡ್ರೈವರ್ ಕ್ಯಾಬಿನ್ ಕಡೆ ಮಾಡಿ ಹಾಕ್ರಿ, ಪ್ರೊಪೆಲ್ಲರ್ ಬಿಚ್ಚಿ ಬ್ಯಾರೆ ಇಡ್ರಿ, ಪೆಟ್ರೋಲ್ ಪೂರಾ ತಗೀರಿ, ಬ್ಯಾಟರಿ ಕನೆಕ್ಷನ್ ತಗೀರಿ, ಟ್ಯಾಂಕ್ ರೆಕ್ಕ್ಯಾಗ ಇದ್ರ ಪೈಪಿನ ಬಾಯಿ ಮುಚ್ರಿ. ಬೆಲ್ಟ್ ಕಟ್ಟೂದು ಲ್ಯಾಂಡಿಂಗ್ ಗೇರ್ ಬಾಡಿಗೆ ಕೂಡೂ ಗಟ್ಟಿ ಜಾಗಾಕ್ಕ, ಟೈರ್ ಸ್ವಲ್ಪ ಕುಗ್ಗೂವಷ್ಟು ಬಿಗಿ, ಉದ್ದದ ಪೈಪುಗಳ ನಡುವಿಗೆ ಕಟ್ಟಬ್ಯಾಡ್ರಿ. ಇನ್ನೊಂದು, ಇಡೀ ವಿಮಾನ ಹಾಕಿದ್ರೂ 300 ಕೆಜಿ ಆಗೂದಿಲ್ಲ, ಐಷರ್ ಗಾಡಿ ಪಾಟಾ (ಸ್ಪ್ರಿಂಗ್) ಟನ್ನುಗಟ್ಲೆ ಭಾರಕ್ಕ ಮಾಡಿದ್ದು, ಖಾಲಿ ಗಾಡಿ ಹಂಗ ಕುಣೀತೈತಿ. ಹಿಂದಿನ ಆಕ್ಸಲ್ ಮ್ಯಾಲ ಬರೂ ಹಂಗ ಉಸುಕಿನ ಚೀಲ ಹಾಕ್ರಿ, ಒಂದು ಟನ್ ಹಾಕಿದ್ರೂ ನಡೀತೈತಿ, ಕುಣಿಯೂದು ತಾನ ಕಡಿಮಿ ಆಗ್ತೈತಿ. ಚೀಲದ ಬಾಯಿ ಹೊಲೀರಿ, ಉಸುಕು ಬೇರಿಂಗಿನಾಗ ಹೋಗಬಾರದು. ಮೊದಲ 20 ಕಿಮೀಗೆ ಒಮ್ಮಿ ನಿಲ್ಲಿಸಿ ಎಲ್ಲಾ ಬೆಲ್ಟ್ ನೋಡ್ರಿ, ಆವಾಗ ಎಲ್ಲಾ ಸ್ವಲ್ಪ ಸ್ವಲ್ಪ ಕೂತಿರ್ತಾವ. ಮಾಡೂದು ಕಬ್ಬಿನ ಸೀಜನ್ ಇದ್ರ ಮುಧೋಳದಿಂದ ಹೈವೇ ಹತ್ತೂ ತನಕ ನಸುಕಿನ್ಯಾಗ ಹೊರಡ್ರಿ, ಎರಡೆರಡು ಟ್ರಾಲಿ ಕಬ್ಬು ಮಗ್ಗಲಿಗೆ ಜೋತು ಬಿದ್ದಿರ್ತೈತಿ, ಒಂದು ಕಬ್ಬಿನ ಗಳ ತಾಗಿದ್ರ ಬಟ್ಟಿ ಹರೀತು.

ಮುಂಬೈದ ಅಮೋಲ್ ಯಾದವ್ ಅವರು ಮನಿ ಮಾಳಿಗಿ ಮ್ಯಾಲ ವಿಮಾನ ಕಟ್ಟಿದ್ದು ನೀವು ಕೇಳಿರಬೇಕು, 2016ರಾಗ ಮುಂಬೈಯ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕ ಅದನ್ನ ಇಟ್ಟಿದ್ರು, 2017ರಾಗ ವಿಟಿ-ಎನ್‌ಎಂಡಿ ಅಂತ ರಿಜಿಸ್ಟ್ರೇಷನ್ ಸಿಕ್ತು. ಕಟ್ಟೂ ಜಾಗಾ ಬ್ಯಾರೆ, ಹಾರೂ ಜಾಗಾ ಬ್ಯಾರೆ ಇದ್ದವರಿಗೆಲ್ಲಾ ಈ ಬಿಚ್ಚಿ ಒಯ್ಯೂ ಕೆಲಸ ತಪ್ಪಿದ್ದಲ್ಲ. ಅವರದು ಎಷ್ಟು ವರ್ಷದ ಕಾಗದಪತ್ರದ ಹೋರಾಟ ಅನ್ನೂದೂ ನೆನಪಿಡ್ರಿ, ರಿಜಿಸ್ಟ್ರೇಷನ್ ಮತ್ತು ಹಾರೂ ಪರವಾನಿಗಿ ಕೈಗೆ ಬರೂ ತನಕ ಗಾಲಿ ನೆಲ ಬಿಡಬಾರದು. ಇನ್ನೂ ಬಟ್ಟಿ ಹಾಕದ ಭಾಗ ಏನಾರ ಉಳದಿದ್ರ ಇನ್ಸ್‌ಪೆಕ್ಷನ್ ಆಗೂ ತನಕ ಹಂಗ ಇಡ್ರಿ.

ಈಗ ಸ್ಟ್ರಿಪ್ಪಿಗೆ ಮುಟ್ಟಿದ್ರಿ. ಅಂದ ಜೋಡಿಸಿ ಅಂದ ಇಂಜಿನ್ ಚಾಲೂ ಮಾಡೂ ಆಸೆ ಬರ್ತೈತಿ, ನನಗೂ ಬರ್ತಿತ್ತು. ಬ್ಯಾಡ್ರಿ. ಬೆಳಿಗ್ಗೆ ಗಾಳಿ ಏಳೂದಕ್ಕಿಂತ ಮೊದಲ ಜೋಡಿಸ್ರಿ. ಪಿನ್ನುಗಳು ನೋಡಾಕ ಒಂದ ಥರ ಇರ್ತಾವ, ಯಾವುದರ ಪಿನ್ ಅದಕ್ಕ ಹೋಗಬೇಕು, ಬಿಚ್ಚೂವಾಗನ ಚೀಟಿ ಕಟ್ಟಿ ಇಟ್ಟಿರ್ರಿ. ಸ್ಪ್ಲಿಟ್ ಪಿನ್ ಒಮ್ಮಿ ಬಿಚ್ಚಿದ್ದು ಮತ್ತ ಹಾಕಬ್ಯಾಡ್ರಿ, ಹೊಸಾದು ನಾಕಾಣೆ ಸಾಮಾನು. ತಿರುಗೂ ಜಾಯಿಂಟ್ ಇದ್ದಲ್ಲಿ ನೈಲಾಕ್ ನಟ್ (ಪ್ಲಾಸ್ಟಿಕ್ ರಿಂಗ್ ಇರೂದು) ನಡಿಯೂದಿಲ್ಲ, ಕ್ಯಾಸಲ್ ನಟ್ (ಮ್ಯಾಲ ಸೀಳು ಇರೂದು) ಮತ್ತು ಸ್ಪ್ಲಿಟ್ ಪಿನ್ನ ಬೇಕು. ಜೋಡಸೂವಾಗ ಫೋನ್ ಬ್ಯಾಡ, ನೋಡಾಕ ಬಂದ ಮಂದಿ ಕೂಡ ಮಾತು ಬ್ಯಾಡ, ನಡುವ ಯಾರಾರ ಚಾ ತಂದ್ರ ಚಾ ಕುಡೀರಿ, ಆದ್ರ ಆಮ್ಯಾಲ ಮೊದಲನೇ ಪಿನ್ನಿನಿಂದ ತಿರುಗಿ ನೋಡ್ಕೋತ ಬರ್ರಿ.

ಯಾಕ ಇಷ್ಟು ಹೇಳ್ತೀನಿ ಅಂದ್ರ, ಭಾಳ ವರ್ಷದ ಹಿಂದ ಒಂದು ಗ್ಲೈಡರ್ ನಾನ ಜೋಡಿಸಿದ್ದೆ. ನಡುವ ಒಬ್ರು ಕರದ್ರು, ಹೋಗಿ ಬಂದೆ, ಹಿಂದಿನ ಎಲಿವೇಟರ್ (ಮೂತಿ ಏರಿಸೂ ಇಳಿಸೂ ಬಾಲದ ಪಟ್ಟಿ) ರಾಡ್ ಹಾಕೇನಿ ಅಂತ ನನ್ನ ಮನಸ್ಸು ಹೇಳ್ತು. ಸ್ಟಿಕ್ (ಪೈಲಟ್ ಹಿಡಿಯೂ ಕೋಲು) ಅಲುಗಾಡಿಸಿದ್ರ ಸ್ಟಿಕ್ ಚಲೋನ ಓಡಾಡ್ತಿತ್ತು. ಆಮ್ಯಾಲ ಜತೀಗಿದ್ದ ಹಿರಿಯರು ಹಿಂದ ಹೋಗಿ ಎಲಿವೇಟರ್ ಎರಡೂ ಕೈಲೆ ಬಿಗಿ ಹಿಡದ್ರು, "ಎಳಿ" ಅಂದ್ರು, ಎಳದೆ, ಸ್ಟಿಕ್ ಬೆಣ್ಣ್ಯಾಗಿನ ಕೂದಲದಂಗ ಬಂತು. ಅವರು ಏನೂ ಬೈಲಿಲ್ಲ. ಸುಮ್ಮನ ನನ್ನ ಮಾರಿ ನೋಡಿದ್ರು. ಇವತ್ತಿಗೂ ಆ ನೋಟ ನೆನಪೈತಿ. ಅದಕ್ಕ ನೀವೂ ಹಂಗ ಮಾಡ್ರಿ, ಒಬ್ಬಾವ ಏಲರಾನ್, ಎಲಿವೇಟರ್, ರಡ್ಡರ್, ಫ್ಲ್ಯಾಪ್ ಒಂದೊಂದ ಬಿಗಿ ಹಿಡೀಲಿ, ಒಳಗ ಕೂತಾವ ಅದರ ವಿರುದ್ಧ ಜೋರು ಮಾಡಲಿ, ಗಟ್ಟಿ ತಡದ್ರ ಜೋಡಣಿ ಐತಿ. ದಿಕ್ಕೂ ನೋಡ್ರಿ, ಕೇಬಲ್ ಅದಲ ಬದಲ ಆದ್ರ ಎಲ್ಲಾ ಓಡಾಡ್ತೈತಿ ಆದ್ರ ಉಲ್ಟಾ. ಸ್ಟಿಕ್ ಹಿಡದು ಹೆಬ್ಬೆಟ್ಟು ನೆಟ್ಟಗ ಮ್ಯಾಲ ಮಾಡ್ರಿ, ಎಡಕ್ಕ ವಾಲಿಸಿದ್ರ ಹೆಬ್ಬೆಟ್ಟು ಯಾವ ಕಡೆ ತೋರಸ್ತೈತೋ ಆ ಕಡೆ ಏಲರಾನ್ ಮ್ಯಾಲ ಏಳಬೇಕು. ಆರ್‌ವಿ-12 ಅನ್ನೂ ಕಿಟ್ ವಿಮಾನದಾಗ ರೆಕ್ಕಿ ಪಿನ್ ಪೂರಾ ಕೂತಿಲ್ಲಂದ್ರ ಇಂಜಿನ್ ಸ್ಟಾರ್ಟ್ ಆಗದಂಗ ಸಣ್ಣ ಸ್ವಿಚ್ ಇಟ್ಟಾರ, ಮನಷ್ಯಾ ಮರೀತಾನ ಅಂತ ಮೊದಲ ಒಪ್ಪಿಕೊಂಡು ಮಾಡಿದ ಕೆಲಸ ಅದು. ನಿಮ್ಮದರಾಗ ಅದಿಲ್ಲ, ಅದಕ್ಕ ಎರಡನೇ ಜೋಡಿ ಕಣ್ಣು ಬೇಕು, ಜೋಡಿಸಲಾರದ ದೋಸ್ತ ನೋಡಬೇಕು.

ಕೋನದ ಲೆಕ್ಕ. ಎಡಾ ಬಲಾ ರೆಕ್ಕಿ ಒಂದ ಕೋನದಾಗ ಕೂತಿರಬೇಕು. 1.2 ಮೀಟರ್ ಅಗಲದಾಗ ಕಾಲು ಡಿಗ್ರಿ ಅಂದ್ರ ಬರೇ 5 ಮಿಮೀ, ಅಷ್ಟು ತಪ್ಪಿದ್ರೂ ಹಾರಿದಾಗ ಒಂದು ಕಡೆ ವಾಲತೈತಿ, ಆಮ್ಯಾಲ ಸ್ಟಿಕ್ ಹಿಡದು ಹಿಡದು ಕೈ ನೋಯ್ತಾವ. ರಿಬ್ಬಿನ ಆಕಾರದ ಪ್ಲೈವುಡ್ ಪಟ್ಟಿ ಒಂದು ಮಾಡಿ, ಅದರ ಮ್ಯಾಲ ಡಿಜಿಟಲ್ ಲೆವೆಲ್ ಇಟ್ಟು ಬುಡದಾಗ, ತುದ್ಯಾಗ, ಎರಡೂ ಕಡೆ ಬರಕೊಳ್ರಿ. ತುದ್ಯಾಗ ಕೋನ ಕಡಿಮಿ ಇರಬೇಕಂತ ಪ್ಲಾನಿನಾಗ ಇದ್ರ ಅದ ಅಂಕಿ, ನಿಮ್ಮ ಅಂದಾಜು ಅಲ್ಲ. ತುದಿ ಎತ್ತರಕ್ಕ ಗೌಂಡಿ ಮಂದಿ ಹಿಡಿಯೂ ನೀರಿನ ಪೈಪೇ ಸಾಕು, ಅದರೊಳಗ ಗುಳ್ಳಿ ಇರಬಾರದು ಅಷ್ಟ. ಟರ್ನ್‌ಬಕಲ್‌ನಾಗ (ಕೇಬಲ್ ಬಿಗಿ ಮಾಡೂ ತಿರುಪು) ಮೂರಕ್ಕಿಂತ ಹೆಚ್ಚು ಮರಿ ಹೊರಗ ಕಾಣಬಾರದು, ಲಾಕ್ ವೈರ್ ಹಾಕಲಾರದ ಬಿಡಬಾರದು. ಕೇಬಲ್ ಬಿಗಿ ಮಾಡೂವಾಗ ಹೊತ್ತು ನೋಡ್ರಿ. ಅಲ್ಯೂಮಿನಿಯಂ ಬಿಸಲಿಗೆ ಸ್ಟೀಲಿನ ಹತ್ರ ಹತ್ರ ದುಪ್ಪಟ್ಟು ಹಿಗ್ಗತೈತಿ, 4 ಮೀಟರ್ ರೆಕ್ಕ್ಯಾಗ 20 ಡಿಗ್ರಿ ಏರಿದ್ರ ಕೇಬಲ್ಲಿಗಿಂತ ರೆಕ್ಕಿ ಸುಮಾರು 0.9 ಮಿಮೀ ಉದ್ದ ಆಗ್ತೈತಿ. ನಸುಕಿನ ಥಂಡ್ಯಾಗ ಭಾಳ ಬಿಗಿ ಮಾಡಿದ್ರ ನಮ್ಮ ಕಡೆ ಮಧ್ಯಾಹ್ನದ ಬಿಸಲಿಗೆ ತಂತಿ ವೀಣಿ ಆಗ್ತೈತಿ, ಮಧ್ಯಾಹ್ನ ಮಾಡಿದ್ರ ಮುಂಜಾನೆ ಸಡ್ಲ. ಪಿಟೋಟ್ (ವೇಗ ಅಳೆಯೂ) ಪೈಪಿನ ಬಾಯಿನೂ ನೋಡ್ರಿ, ಶೆಡ್ಡಿನಾಗ ಇದ್ದ ವಿಮಾನ, ಕಣಜ ಮಣ್ಣಿನ ಗೂಡು ಕಟ್ಟಿರ್ತೈತಿ.

ಸದ್ಯಕ್ಕ ಲಾರಿ ಬುಕ್ ಮಾಡಬ್ಯಾಡ್ರಿ. ಎಡಗಡೆ ಹಿಂದಿನ ತೂತಿನ ಕೋಟಿಂಗ್ ತಗದು, ಮಾರ್ಕಿಂಗ್ ಬ್ಲೂ ಹಚ್ಚಿದ ಪಿನ್ನಿನ ಫೋಟೋ ನಾಕೂ ಮಗ್ಗಲಿಂದ ತಗದು ಕಳಸ್ರಿ, ಇದುವರೆಗೂ ಸುತ್ತಿಗಿ ಹೊಡದು ಹಾಕಿದ್ದ ಪಿನ್ನಿನ ದಪ್ಪ ಮೈಕ್ರೋಮೀಟರ್‌ಲೆ ಮೂರು ಜಾಗಾದಾಗ ಅಳದು ಬರೀರಿ, ಲಗ್ಗಿನ ಅಂಚಿನ ಅಳತಿನೂ. ಅದು ನೋಡಿ ಆ ಪಿನ್ ಇಟ್ಕೋಬೇಕೋ ಒಗೀಬೇಕೋ ಹೇಳ್ತೀನಿ. ಅಲ್ಲೀತನಕ ಸುತ್ತಿಗಿ ಅಪ್ಪಾರ ಕೈಯಾಗ ಕೊಟ್ಟು ಇಡ್ರಿ.